ಟೊಮೆಟೊ ಎಲೆ ನೋಡಿ ಎಐ ಹೇಳಿದ್ದನ್ನು ನಂಬಬಹುದೇ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ರೈತ. ಎರಡು ಎಕರೆಯಲ್ಲಿ ಟೊಮೆಟೊ ಹಾಕಿದ್ದೇನೆ. ಮಗ ಕೋಲಾರದಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಾನೆ. ಕೃತಕ ಬುದ್ಧಿಮತ್ತೆ (ಎಐ) ಬಂತು, ಇನ್ನು ಲೋಕವೇ ಬದಲಾಗುತ್ತದೆ ಎಂದು ವರ್ಷಗಳಿಂದ ಪತ್ರಿಕೆಯಲ್ಲಿ ಓದುತ್ತಿದ್ದೇನೆ. ಕಳೆದ ತಿಂಗಳು ಗಿಡದ ಎಲೆಗಳು ಮುದುಡತೊಡಗಿದವು. ಮಗ ಮೊಬೈಲ್‌ನಲ್ಲಿ ಚಿತ್ರ ತೆಗೆದು ಎಐಯನ್ನು ಕೇಳಿದ. ಅದು ನಂಜುರೋಗ ಎಂದಿತು. ಔಷಧದ ಅಂಗಡಿಯವರು ನುಸಿ ಎಂದರು. ಮರುದಿನ ಅದೇ ಗಿಡದ ಇನ್ನೊಂದು ಚಿತ್ರ ಕೊಟ್ಟಾಗ ಎಐ ಬಿಸಿಲಿನ ಝಳ ಎಂದಿತು. ಮುಂದಿನ ತಿಂಗಳ ಟೊಮೆಟೊ ದರ ಏನಾಗಬಹುದು ಎಂದು ಕೇಳಿದರೆ ಉದ್ದನೆಯ ಉತ್ತರ ಬಂತು, ಅದರಲ್ಲಿ ದರವೊಂದೇ ಇರಲಿಲ್ಲ. ಇಷ್ಟೆಲ್ಲ ದೊಡ್ಡ ಮಾತು ಆಡಿದ್ದು ಇದಕ್ಕೇನಾ? ಮಗ ಓದುತ್ತಿರುವ ವಿದ್ಯೆಗೆ ಮುಂದೆ ಬೆಲೆ ಇರುತ್ತದೆಯೇ?

ಉತ್ತರ: ಎಲೆಯಿಂದಲೇ ಆರಂಭಿಸುತ್ತೇನೆ. ಲೋಕ ಬದಲಾಗುವ ವಿಷಯವನ್ನು ಆಮೇಲೆ ನೋಡೋಣ. ಎರಡು ಎಕರೆ ಟೊಮೆಟೊ ಅದಕ್ಕಾಗಿ ಕಾಯುವುದಿಲ್ಲ.

ಟೊಮೆಟೊ ಎಲೆ ಮುದುಡುವುದಕ್ಕೆ ಕಾರಣ ಒಂದೇ ಅಲ್ಲ. ಬಿಳಿ ನೊಣ ಹರಡುವ ನಂಜುರೋಗದಲ್ಲಿ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ, ಹೊಸ ಎಲೆ ಚಿಕ್ಕದಾಗಿ ಹಳದಿಗೆ ತಿರುಗುತ್ತದೆ, ಗಿಡ ಕುಳ್ಳಾಗಿ ಪೊದೆಯಂತಾಗುತ್ತದೆ. ನುಸಿ ರಸ ಹೀರಿದರೂ ಎಲೆ ಮುರುಟುತ್ತದೆ. ಬಿಸಿಲು ಏರಿ ನೀರು ಸಾಲದೆ ಹೋದಾಗ ಗಿಡವೇ ತನ್ನನ್ನು ಕಾಪಾಡಿಕೊಳ್ಳಲು ಬುಡದ ಹಳೆಯ ಎಲೆಗಳನ್ನು ಸುರುಳಿ ಸುತ್ತುವುದುಂಟು. ಅದು ರೋಗವೇ ಅಲ್ಲ. ಪಕ್ಕದ ಹೊಲದಲ್ಲಿ ಹೊಡೆದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೂ ಚಿಗುರು ತಿರುಚಿಕೊಳ್ಳುತ್ತದೆ. ಇವನ್ನೆಲ್ಲ ಬೇರ್ಪಡಿಸಲು ಪಳಗಿದ ರೈತ ಏನು ಮಾಡುತ್ತಾನೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎಲೆಯನ್ನು ತಿರುವಿ ಅಡಿಭಾಗ ನೋಡುತ್ತಾನೆ. ಗಿಡವನ್ನು ಅಲುಗಿಸಿ ಬಿಳಿ ನೊಣ ಏಳುತ್ತದೆಯೇ ಎಂದು ನೋಡುತ್ತಾನೆ. ಮುದುಡಿದ್ದು ಚಿಗುರೋ ಬುಡದ ಎಲೆಯೋ, ಸಾಲಿಗೆ ಸಾಲೇ ಹೀಗಾಗಿದೆಯೋ ಅಲ್ಲೊಂದು ಇಲ್ಲೊಂದು ಗಿಡವೋ, ಸಂಜೆ ತಂಪಾದ ಮೇಲೆ ಗಿಡ ಚೇತರಿಸಿಕೊಂಡಿತೋ ಎಂದು ಗಮನಿಸುತ್ತಾನೆ. ನಿಮ್ಮ ಮಗ ಕಳಿಸಿದ್ದು ಬಹುಶಃ ಎಲೆಯ ಮೇಲ್ಭಾಗದ ಒಂದು ಚಿತ್ರ. ಅಪರಾಧಿ ಎಲೆಯ ಅಡಿಯಲ್ಲಿ ಕುಳಿತಿದ್ದರೆ, ಎಂತಹ ಬುದ್ಧಿವಂತನಾದರೂ ಆ ಚಿತ್ರದಿಂದ ಅವನನ್ನು ಹಿಡಿಯಲಾರ.

ಹಾಗೆಂದು ಯಂತ್ರಕ್ಕೆ ಕಣ್ಣಿಲ್ಲ ಎಂದಲ್ಲ. ಕಣ್ಣಿದೆ, ಅದು ಪಳಗಿದ ಜಾಗ ಬೇರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಕಥೆಯನ್ನು ನಾನು ಪಾಠ ಹೇಳುತ್ತಿದ್ದಷ್ಟು ಕಾಲ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದಲ್ಲಿ 14 ಬೆಳೆಗಳ, 26 ರೋಗಗಳ ಒಟ್ಟು 54,306 ಎಲೆ ಚಿತ್ರಗಳಿದ್ದವು. ಅವುಗಳಲ್ಲಿ ಒಂದು ಪಾಲನ್ನು ತೋರಿಸಿ ಯಂತ್ರವನ್ನು ಪಳಗಿಸಿದರು. ಎತ್ತಿಟ್ಟುಕೊಂಡಿದ್ದ ಉಳಿದ ಚಿತ್ರಗಳನ್ನು ಕೊಟ್ಟು ಪರೀಕ್ಷಿಸಿದಾಗ ನೂರಕ್ಕೆ 99.35ರಷ್ಟು ಸರಿ ಉತ್ತರ ಬಂತು. ಭಾಷಣಗಳಲ್ಲಿ ಓಡಾಡುವುದು ಈ ಅಂಕಿ. ಅದೇ ಲೇಖನದಲ್ಲಿ ಇನ್ನೊಂದು ಅಂಕಿಯೂ ಇದೆ: ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸರಿ ಉತ್ತರಗಳ ಪ್ರಮಾಣ ನೂರಕ್ಕೆ 31.4ಕ್ಕೆ ಕುಸಿಯಿತು. ಸಂಗ್ರಹದ ಚಿತ್ರಗಳಲ್ಲಿ ಕಿತ್ತ ಒಂಟಿ ಎಲೆಯನ್ನು ಒಂದೇ ಬಗೆಯ ಹಿನ್ನೆಲೆಯ ಮೇಲೆ ನೀಟಾಗಿ ಇಟ್ಟಿದ್ದರು. ನಿಮ್ಮ ತೋಟದಲ್ಲಿ ಎಲೆಯ ಹಿಂದೆ ಮಲ್ಚಿಂಗ್ ಹಾಳೆಯ ಹೊಳಪಿದೆ, ಕಟ್ಟಿದ ಕಡ್ಡಿ ಮತ್ತು ದಾರವಿದೆ, ಪಕ್ಕದ ಎಲೆಯ ನೆರಳಿದೆ, ಮೊನ್ನೆ ಹೊಡೆದ ಔಷಧದ ಬಿಳಿ ಕಲೆಯಿದೆ. ಆಮೇಲೆ ಬಂದ ಯಂತ್ರಗಳು ಬಹಳ ಸುಧಾರಿಸಿವೆ, ನಿಜ. ಆದರೂ ಎಐ ಕುರಿತ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನಾನು ಮೊದಲು ಹುಡುಕುವುದು ಆ ಎರಡನೆಯ ಅಂಕಿಯನ್ನು. ಅದನ್ನು ಹೇಳದವನ ಮೊದಲನೆಯ ಅಂಕಿಗೂ ನಾನು ಬೆಲೆ ಕೊಡುವುದಿಲ್ಲ.

ಇನ್ನು ನಿಮ್ಮ ಮಗ ಕೇಳಿದ್ದು ಎಲೆಗೆಂದೇ ತಯಾರಾದ ಯಂತ್ರವನ್ನೂ ಅಲ್ಲ, ಮಾತನಾಡುವ ಯಂತ್ರವನ್ನು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಂದಿನಿಂದ ನಾವು ಎಐ ಎನ್ನುತ್ತಿರುವುದು ಹೆಚ್ಚಾಗಿ ಈ ಜಾತಿಯ ಯಂತ್ರಗಳನ್ನೇ. ಇವುಗಳ ಮೂಲ ಕಸುಬು ವಾಕ್ಯವನ್ನು ಮುಂದುವರಿಸುವುದು. ನಾನು “ಹಾಸಿಗೆ ಇದ್ದಷ್ಟು” ಎಂದು ನಿಲ್ಲಿಸಿದರೆ ನೀವು “ಕಾಲು ಚಾಚು” ಎನ್ನುತ್ತೀರಿ. ಹಾಸಿಗೆಯನ್ನು ಅಳೆದು ಹೇಳಿದ್ದಲ್ಲ, ಕೇಳಿ ಕೇಳಿ ಮೂಡಿದ ಜಾಡಿನಲ್ಲಿ ನಾಲಿಗೆ ಹರಿಯಿತು. ಯಂತ್ರವು ಕೋಟ್ಯಂತರ ಪುಟಗಳನ್ನು ಓದಿ, ಪ್ರತಿಯೊಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಜಾಡನ್ನು ಕಲಿತಿದೆ. ಇಷ್ಟರಿಂದಲೇ ಅದು ಪತ್ರ ಬರೆಯುತ್ತದೆ, ಅನುವಾದ ಮಾಡುತ್ತದೆ, ಲೆಕ್ಕ ಬಿಡಿಸುತ್ತದೆ, ಪ್ರೋಗ್ರಾಂ ಬರೆಯುತ್ತದೆ. ಇದನ್ನು ಕಂಡು ನನಗೆ ಇಂದಿಗೂ ಬೆರಗು ಕಡಿಮೆಯಾಗಿಲ್ಲ. ನಾವು ಓದುವಾಗ ಇದು ಸಾಧ್ಯ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಆದರೆ ಜಾಡು ಇಲ್ಲದ ಕಡೆಯೂ ಅದು ನಿಲ್ಲುವುದಿಲ್ಲ, ಅದೇ ಓಟದಲ್ಲಿ ಮುಂದೆ ಹೋಗುತ್ತದೆ.

ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಚಾಟ್‌ಜಿಪಿಟಿ ಕಟ್ಟಿದ ಓಪನ್‌ಎಐ ಸಂಶೋಧಕರೇ 2025ರ ಸೆಪ್ಟೆಂಬರ್‌ನಲ್ಲಿ ಒಂದು ವಿವರಣೆ ಕೊಟ್ಟರು. ನಮ್ಮ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಮಕ್ಕಳು ಯಾವುದಾದರೂ ಒಂದು ವೃತ್ತ ತುಂಬಿ ಬರುತ್ತಾರೆ. ಖಾಲಿ ಬಿಟ್ಟರೆ ಸೊನ್ನೆ ಖಚಿತ, ತುಂಬಿದರೆ ಅದೃಷ್ಟವಾದರೂ ಇದೆ. ಯಂತ್ರಗಳನ್ನು ಪಳಗಿಸಿ ಅಂಕ ಕೊಡುವ ಪದ್ಧತಿಯೂ ಬಹುಪಾಲು ಹೀಗೆಯೇ ಇದೆ ಎಂದು ಅವರು ತೋರಿಸಿದರು. “ಗೊತ್ತಿಲ್ಲ” ಎಂದರೆ ಅಂಕವಿಲ್ಲ. ಊಹಿಸುವುದನ್ನು ನಾವೇ ಕಲಿಸಿ, ಆಮೇಲೆ ಊಹಿಸುತ್ತದೆ ಎಂದು ಬೈಯುತ್ತಿದ್ದೇವೆ.

ಇದನ್ನು ನಾನೇ ಅನುಭವಿಸಿದ್ದೇನೆ. ನಿಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ಕಲ್ಲುಶಾಸನದ ಬಗ್ಗೆ ಒಂದು ಜನಪ್ರಿಯ ಎಐ ಸಹಾಯಕವನ್ನು ಕೇಳಿದೆ. ರಾಜನ ಹೆಸರು, ಶಕವರ್ಷ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಗ್ರಂಥಮಾಲೆಯ ಕೋಲಾರ ಸಂಪುಟದಲ್ಲಿ ಅದರ ಸಂಖ್ಯೆ, ಎಲ್ಲವನ್ನೂ ಸರಾಗವಾಗಿ ಕೊಟ್ಟಿತು. ಸಂಪುಟ ತೆರೆದು ನೋಡಿದರೆ ಆ ಸಂಖ್ಯೆಯಲ್ಲಿದ್ದುದು ಬೇರೆ ಊರಿನ ಬೇರೆ ಶಾಸನ. ತಪ್ಪಿದೆ ಎಂದಾಗ ಕ್ಷಮೆ ಕೇಳಿ ಇನ್ನೊಂದು ಸಂಖ್ಯೆ ಕೊಟ್ಟಿತು. ಅದೂ ತಪ್ಪು. ಮೂರನೆಯ ಸಲವೂ ಅದರ ಧ್ವನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ನನಗೆ ಆಗ ನೆನಪಾದವರು ನಮ್ಮ ಕಡೆ ಕೊಳವೆಬಾವಿಗೆ ಜಾಗ ತೋರಿಸುವವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಗುರುತು ಹಾಕುತ್ತಾರೆ. ಸಾವಿರ ಅಡಿ ದಾಟಿದರೂ ಧೂಳು ಮಾತ್ರ ಬಂದರೆ ಸಾಲ ನಮ್ಮ ತಲೆಯ ಮೇಲೆ. ಅವರು ಆ ಹೊತ್ತಿಗೆ ಇನ್ನೊಂದು ಊರಿನಲ್ಲಿರುತ್ತಾರೆ. ನೀರು ಬಿದ್ದ ಬಾವಿಯ ಕಥೆ ಹತ್ತು ಹಳ್ಳಿ ತಿರುಗುತ್ತದೆ, ಬೀಳದ ಬಾವಿಯನ್ನು ಕಲ್ಲು ಮುಚ್ಚಿ ಮರೆಯುತ್ತೇವೆ. ಯಾರ ಧೈರ್ಯದಿಂದ ಯಾರ ದುಡ್ಡು ಹೋಗುತ್ತದೆ ಎಂಬ ಲೆಕ್ಕವನ್ನು ಎಐ ವಿಷಯದಲ್ಲೂ ಹಾಕಬೇಕು. ನ್ಯೂಯಾರ್ಕಿನಲ್ಲಿ 2023ರಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಸಿಕ್ಕಿಬಿದ್ದರು. 5,000 ಡಾಲರ್ ದಂಡ ಬಿದ್ದದ್ದು ವಕೀಲರ ಕಡೆಗೆ, ಯಂತ್ರಕ್ಕಲ್ಲ.

ಈಗ ನಿರೀಕ್ಷೆಯ ವಿಷಯಕ್ಕೆ ಬರೋಣ. ಈ ಕ್ಷೇತ್ರ ಹುಟ್ಟಿದ್ದೇ ದೊಡ್ಡ ಮಾತಿನೊಂದಿಗೆ. 1956ರಲ್ಲಿ ಅಮೆರಿಕದ ಡಾರ್ಟ್‌ಮೌತ್‌ನಲ್ಲಿ ಸೇರಿದವರು ಆಯ್ದ ಕೆಲವರು ಒಂದು ಬೇಸಿಗೆ ಕುಳಿತರೆ ಗಮನಾರ್ಹ ಪ್ರಗತಿ ಸಾಧ್ಯ ಎಂದು ಬರೆದುಕೊಂಡಿದ್ದರು. ಮರುವರ್ಷ ಈ ಕ್ಷೇತ್ರದ ಆದ್ಯರಲ್ಲೊಬ್ಬರಾದ ಹರ್ಬರ್ಟ್ ಸೈಮನ್ ಹತ್ತು ವರ್ಷದೊಳಗೆ ಕಂಪ್ಯೂಟರ್ ವಿಶ್ವ ಚೆಸ್ ಚಾಂಪಿಯನ್ ಆಗುತ್ತದೆ ಎಂದರು. ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿದ್ದು 1997ರಲ್ಲಿ. 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ ಇದೆಲ್ಲ ಹೇಳಿದಷ್ಟು ಆಗಿಲ್ಲ ಎಂದಾಗ ಅಲ್ಲಿ ಹಣದ ನಲ್ಲಿ ನಿಂತಿತು. 1982ರಲ್ಲಿ ಜಪಾನ್ ಐದನೆಯ ತಲೆಮಾರಿನ ಕಂಪ್ಯೂಟರ್ ಎಂದು ಹೊರಟಿತು, ಅದೂ ಸದ್ದಿಲ್ಲದೆ ಮುಗಿಯಿತು. 2016ರಲ್ಲಿ ಜೆಫ್ರಿ ಹಿಂಟನ್ ಐದು ವರ್ಷದಲ್ಲಿ ಯಂತ್ರವೇ ಮೇಲುಗೈ ಸಾಧಿಸುವುದರಿಂದ ಎಕ್ಸ್‌ರೇ, ಸ್ಕ್ಯಾನ್ ಓದುವ ರೇಡಿಯಾಲಜಿ ವೈದ್ಯರ ತರಬೇತಿಯನ್ನೇ ನಿಲ್ಲಿಸಬೇಕು ಎಂದರು. ಐದು ವರ್ಷ ಯಾವಾಗಲೋ ಕಳೆಯಿತು; ಆ ವೈದ್ಯರಿಗೆ ಬೇಡಿಕೆ ಇಂದಿಗೂ ಇದೆ. ಹಿಂಟನ್ ಸಾಮಾನ್ಯ ವ್ಯಕ್ತಿಯಲ್ಲ, 2024ರಲ್ಲಿ ಇದೇ ಕ್ಷೇತ್ರದ ಕೆಲಸಕ್ಕೆ ಭೌತಶಾಸ್ತ್ರದ ನೊಬೆಲ್ ಪಡೆದವರು. ವಿದ್ಯೆಯಲ್ಲಿ ದೊಡ್ಡವರು ಜ್ಯೋತಿಷ್ಯದಲ್ಲೂ ದೊಡ್ಡವರಾಗಬೇಕೆಂದಿಲ್ಲ.

ಆದರೆ ಇದೇ ಪಟ್ಟಿ ತೋರಿಸಿ ಎಲ್ಲವೂ ಪೊಳ್ಳು ಎನ್ನುವವರ ಜೊತೆಗೂ ನನ್ನ ಜಗಳವಿದೆ. ಪ್ರೋಟೀನ್ ಎಂಬ ಅಣುವಿನ ಸರಪಳಿ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದು ಅರ್ಧ ಶತಮಾನ ಕಾಡಿದ ಪ್ರಶ್ನೆ. ಒಂದೊಂದು ಆಕಾರ ಹುಡುಕಲು ಪ್ರಯೋಗಾಲಯದಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದವು. ಆಲ್ಫಾಫೋಲ್ಡ್ ಎಂಬ ಎಐ 20 ಕೋಟಿಗೂ ಹೆಚ್ಚು ಆಕಾರಗಳನ್ನು ಊಹಿಸಿ ಕೊಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಭಾಗ ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. 2025ರ ಜುಲೈನಲ್ಲಿ ಗೂಗಲ್ ಮತ್ತು ಓಪನ್‌ಎಐ ಯಂತ್ರಗಳು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಪತ್ರಿಕೆಯಲ್ಲಿ 42ಕ್ಕೆ 35 ಅಂಕ, ಅಂದರೆ ಚಿನ್ನದ ಪದಕದ ಮಟ್ಟ, ಮುಟ್ಟಿದವು. ನಿಮಗೆ ಹೆಚ್ಚು ಹತ್ತಿರದ ಉದಾಹರಣೆ ಮಳೆಯದು. 2025ರ ಮುಂಗಾರಿಗೆ ಮುನ್ನ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಆಧಾರಿತ ಮುಂಗಾರು ಮುನ್ಸೂಚನೆಯನ್ನು ಎಸ್‌ಎಂಎಸ್ ಮೂಲಕ ಕಳಿಸಿತು. ಆ ವರ್ಷ ಬೇಗ ಬಂದ ಮುಂಗಾರು ನಡುವೆ ಕೈಕೊಟ್ಟು ನಿಂತಿತಲ್ಲ, ಆ ವಿರಾಮವನ್ನೂ ಅದು ಮೊದಲೇ ಹೇಳಿತ್ತು. ರಾಗಿ ಬಿತ್ತುವವನಿಗೆ ಇದರ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ಗೆದ್ದ ಕಡೆಗಳಲ್ಲಿ ಏನು ಸಮಾನವಾಗಿದೆ ನೋಡಿ. ಎಲ್ಲ ಕಡೆಯೂ ಒರೆಗಲ್ಲು ಕೈಗೆಟುಕುವಂತಿದೆ. ಪ್ರೋಟೀನಿನ ಊಹೆಯನ್ನು, ಪ್ರಯೋಗದಲ್ಲಿ ಕಂಡುಹಿಡಿದು ಬಚ್ಚಿಟ್ಟ ಆಕಾರದೊಂದಿಗೆ ಹೋಲಿಸಿ ನೋಡುವ ಸ್ಪರ್ಧೆಯೇ ಇದೆ. ಗಣಿತದ ಉತ್ತರವನ್ನು ಸಾಲು ಸಾಲಾಗಿ ಪರಿಶೀಲಿಸಬಹುದು. ಮಳೆಯ ಊಹೆಯನ್ನು ದಶಕಗಳ ಮಳೆ ದಾಖಲೆಯ ಮೇಲೆ ಮೊದಲೇ ಓಡಿಸಿ ನೋಡಬಹುದು, ಆಮೇಲೆ ಆಕಾಶವೇ ಹೇಳುತ್ತದೆ. ತಪ್ಪು ತಕ್ಷಣ, ಅಗ್ಗವಾಗಿ ಗೊತ್ತಾಗುವ ಕಡೆ ಯಂತ್ರ ತಿದ್ದಿಕೊಂಡು ನಿರೀಕ್ಷೆ ಮೀರಿ ಬೆಳೆದಿದೆ. ತಪ್ಪು ತಡವಾಗಿ, ದುಬಾರಿಯಾಗಿ ಗೊತ್ತಾಗುವ ಕಡೆ ಅದರ ಮಾತು ಮಾತ್ರ ಬೆಳೆದಿದೆ. ಒಂದು ಬೆಳೆ ಹೋದ ಮೇಲೆ ರೋಗ ಯಾವುದೆಂದು ಗೊತ್ತಾಗುವ ನಿಮ್ಮ ತೋಟ ಈ ಎರಡನೆಯ ಗುಂಪಿಗೆ ಸೇರಿದ್ದು.

ಕೆಲಸದ ವೇಗದ ವಿಷಯದಲ್ಲಿ ಒಂದು ತಮಾಷೆ ಇದೆ. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಮಂದಿ ನುರಿತ ಪ್ರೋಗ್ರಾಮರ್‌ಗಳಿಗೆ, ಅವರಿಗೆ ಚೆನ್ನಾಗಿ ಪರಿಚಯವಿದ್ದ ದೊಡ್ಡ ತಂತ್ರಾಂಶಗಳಲ್ಲೇ 246 ಕೆಲಸಗಳನ್ನು ಕೊಟ್ಟು, ಕೆಲವನ್ನು ಎಐ ಸಹಾಯದಿಂದ, ಕೆಲವನ್ನು ಇಲ್ಲದೆ ಮಾಡಿಸಿತು. ಎಐ ಇದ್ದರೆ ಶೇಕಡ 24ರಷ್ಟು ಸಮಯ ಉಳಿಯುತ್ತದೆ ಎಂದು ಅವರು ಮೊದಲು ಅಂದಾಜು ಮಾಡಿದ್ದರು. ಗಡಿಯಾರ ಹೇಳಿದ್ದು ಶೇಕಡ 19ರಷ್ಟು ಹೆಚ್ಚು ಸಮಯ ಹಿಡಿಯಿತು ಎಂದು. ಸ್ವಾರಸ್ಯ ಇರುವುದು ಇದರಲ್ಲಲ್ಲ. ಎಲ್ಲ ಮುಗಿದ ಮೇಲೂ ಅವರು ತಮಗೆ ಶೇಕಡ 20ರಷ್ಟು ಸಮಯ ಉಳಿಯಿತು ಎಂದೇ ನಂಬಿದ್ದರು. ಹಾಗಾಗಿ “ಎಐ ಬಂದ ಮೇಲೆ ನನ್ನ ಕೆಲಸ ಎರಡು ಪಟ್ಟು ವೇಗವಾಗಿದೆ” ಎಂದು ಯಾರಾದರೂ ಹೇಳಿದರೆ ನಾನು ಗಡಿಯಾರ ಎಲ್ಲಿ ಎಂದು ಕೇಳುತ್ತೇನೆ. ಇನ್ನೊಂದು ಕಡೆ, ಗ್ರಾಹಕರ ದೂರುಗಳಿಗೆ ಉತ್ತರಿಸುವ ಐದು ಸಾವಿರಕ್ಕೂ ಹೆಚ್ಚು ನೌಕರರ ಮೇಲೆ ಅಮೆರಿಕದ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ ಎಐ ಸಹಾಯದಿಂದ ಗಂಟೆಗೆ ಮುಗಿಯುವ ಕೆಲಸ ಸರಾಸರಿ ಶೇಕಡ 14ರಷ್ಟು ಹೆಚ್ಚಿತು; ಹೊಸಬರಲ್ಲಿ ಶೇಕಡ 34ರಷ್ಟು, ಪಳಗಿದವರಲ್ಲಿ ಹೆಚ್ಚೇನೂ ಇಲ್ಲ. ಎರಡೂ ನಿಜವಿರಬಹುದು. ಕೆಲಸ ಬೇರೆ, ಕೈ ಬೇರೆ.

ಇನ್ನು ಒಟ್ಟು ಲೋಕದ ಲೆಕ್ಕ. 2023ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ ಹತ್ತು ವರ್ಷದಲ್ಲಿ ವಿಶ್ವದ ಒಟ್ಟು ಉತ್ಪನ್ನ ಶೇಕಡ 7ರಷ್ಟು ಹೆಚ್ಚಬಹುದು ಎಂದಿತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಡರಾನ್ ಅಸೆಮೊಗ್ಲು, ಹತ್ತು ವರ್ಷದಲ್ಲಿ ಉತ್ಪಾದಕತೆಗೆ ಸಿಗುವ ಲಾಭ ಒಟ್ಟು ಶೇಕಡ 0.7ನ್ನೂ ದಾಟುವುದಿಲ್ಲ ಎಂದರು. ಇಬ್ಬರ ಅಳತೆಗೋಲು ಒಂದೇ ಅಲ್ಲ, ಆದರೂ ಅಂತರ ನೋಡಿ. ಈ ನಡುವೆ ಮೈಕ್ರೋಸಾಫ್ಟ್, ಗೂಗಲ್, ಅಮೆಜಾನ್, ಮೆಟಾ ನಾಲ್ಕೂ ಸೇರಿ 2025ರ ಒಂದೇ ವರ್ಷಕ್ಕೆ 30,000 ಕೋಟಿ ಡಾಲರ್‌ಗೂ ಹೆಚ್ಚಿನ ಬಂಡವಾಳ ವೆಚ್ಚ ಇಟ್ಟುಕೊಂಡವು, ಅದರಲ್ಲಿ ದೊಡ್ಡ ಪಾಲು ಎಐ ಕಂಪ್ಯೂಟರ್ ಕೇಂದ್ರಗಳಿಗೆ. ಆ ದುಡ್ಡಿಗೆ ತಕ್ಕಂತೆ ಎಐ ಗಳಿಸುತ್ತಿದೆಯೇ ಎಂದರೆ, ಇಲ್ಲ. ಮುಂದೆ ಗಳಿಸುತ್ತದೆಯೇ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಹಳೆಯ ಪಾಠ ಇದೆ.

ಕೋಲಾರ ಚಿನ್ನದ ಗಣಿಗೆ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟಿದ್ದು 1902ರಲ್ಲಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತ್ಯಂತ ಉದ್ದದ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿಕೊಂಡದ್ದು ಮೂರು ವರ್ಷದ ನಂತರ, 1905ರಲ್ಲಿ. ಕರೆಂಟ್ ಮೊದಲು ಗಣಿಗೇ ಏಕೆ ಹೋಯಿತು? ಅಲ್ಲಿ ಆವಿಯಂತ್ರಕ್ಕೆ ಸುಡುತ್ತಿದ್ದ ಸೌದೆ ಮತ್ತು ಕಲ್ಲಿದ್ದಲಿನ ಲೆಕ್ಕ ಪುಸ್ತಕದಲ್ಲಿತ್ತು. ಎಷ್ಟು ಉಳಿಯುತ್ತದೆಂದು ತಿಂಗಳ ಕೊನೆಗೆ ತೋರಿಸಬಹುದಿತ್ತು. ಗಣಿಯ ಸುತ್ತಲಿನ ಹಳ್ಳಿಗಳಿಗೆ ಅದೇ ಕರೆಂಟ್ ಬರಲು ದಶಕಗಳೇ ಬೇಕಾದವು. ತಲೆಯ ಮೇಲೆ ತಂತಿ ಹಾದುಹೋಗುತ್ತಿದ್ದರೂ ಕೆಳಗೆ ಚಿಮಣಿ ದೀಪವೇ ಉರಿಯುತ್ತಿತ್ತು. ಅಮೆರಿಕದ ಕಾರ್ಖಾನೆಗಳ ಕಥೆಯೂ ಹೀಗೆಯೇ. ಆವಿಯಂತ್ರ ತೆಗೆದು ಅದೇ ಜಾಗದಲ್ಲಿ ದೊಡ್ಡ ಮೋಟಾರ್ ಇಟ್ಟು, ಅದೇ ಹಳೆಯ ಬೆಲ್ಟುಗಳನ್ನು ತಿರುಗಿಸಿದಷ್ಟು ಕಾಲ ಹೆಚ್ಚೇನೂ ಸಿಗಲಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರ್ ಇಟ್ಟು ಕಾರ್ಖಾನೆಯ ವಿನ್ಯಾಸವನ್ನೇ ಬದಲಿಸಿದ ಮೇಲೆ, 1920ರ ದಶಕದಲ್ಲಿ, ಲಾಭ ಎದ್ದು ಕಂಡಿತು. ಇಂದು ಬಹಳಷ್ಟು ಕಚೇರಿಗಳಲ್ಲಿ ಎಐ ಇರುವುದು ಆ ಹಳೆಯ ಬೆಲ್ಟಿನ ಹಂತದಲ್ಲಿ.

ಇನ್ನೂ ಒಂದು ಮಾತಿದೆ, ಅದು ನನ್ನನ್ನು ಹೆಚ್ಚು ಕಾಡುವುದು. 1902ರಲ್ಲಿ ಕರೆಂಟ್‌ನಿಂದ ಏನೇನು ನಿರೀಕ್ಷಿಸಿದ್ದರೋ ಅದೆಲ್ಲ ಆಯಿತು. ಆದರೆ ಅದೇ ಕರೆಂಟ್ ಮುಂದೊಂದು ದಿನ ಪಂಪ್‌ಸೆಟ್‌ಗೆ ಬಂದು, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ನಿಂತು, ತೆರೆದ ಬಾವಿ ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿ, ಕೆರೆಗಳ ನಾಡು ಎನಿಸಿದ ಜಿಲ್ಲೆಗೆ ಕೊನೆಗೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಕೊಳವೆಯಲ್ಲಿ 2018ರಿಂದ ತರಬೇಕಾಗುತ್ತದೆ ಎಂದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಕರೆಂಟ್ ತಂದ ಬದಲಾವಣೆ ಉಳಿಯಿತು. ಎಐ ನಿರೀಕ್ಷೆಯ ಮಟ್ಟಕ್ಕೆ ಬಂತೇ ಎಂದು ನೀವು ಕೇಳುತ್ತೀರಿ. ಯಾರೂ ನಿರೀಕ್ಷಿಸದ್ದನ್ನು ಅದು ಎಲ್ಲಿ ಮಾಡುತ್ತಿದೆ ಎಂದು ನಾನು ನೋಡುತ್ತಿರುತ್ತೇನೆ.

ದರದ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು, ಕೆಲವೇ ವಾರಗಳಲ್ಲಿ ನೆಲಕ್ಕೆ ಬಿತ್ತು. ಆ ದರವನ್ನು ನಿರ್ಧರಿಸಿದ್ದು ಮಹಾರಾಷ್ಟ್ರದ ಮಳೆ, ಆಂಧ್ರದ ಮದನಪಲ್ಲಿ ಮಂಡಿಗೆ ಬಂದ ಮಾಲು, ಉತ್ತರದ ವ್ಯಾಪಾರಿಗಳ ಲಾರಿಗಳು. ಅದು ಯಾವುದೂ ಹಳೆಯ ಪುಟಗಳಲ್ಲಿ ಬರೆದಿಟ್ಟ ಜಾಡಲ್ಲ. ದರ ಹೇಳದೆ ಜಾರಿಕೊಂಡ ಯಂತ್ರದ ಮೇಲೆ ನಿಮಗೆ ಸಿಟ್ಟು ಬಂದಿದೆ. ನನಗಂತೂ ನಿಮ್ಮ ಪತ್ರದಲ್ಲಿ ಅದು ನಡೆದುಕೊಂಡ ಅತ್ಯಂತ ಪ್ರಾಮಾಣಿಕ ರೀತಿ ಅದೇ ಅನ್ನಿಸಿತು. ಒಂದು ವೇಳೆ ನವೆಂಬರ್‌ನಲ್ಲಿ ದರ ಏರುತ್ತದೆ ಎಂದು ಅದು ನಿಖರವಾಗಿ ಹೇಳಿ, ಜಿಲ್ಲೆಯ ಎಲ್ಲರೂ ಅದನ್ನೇ ಕೇಳಿ ಸಸಿ ನಾಟಿ ಮಾಡಿದರು ಎನ್ನಿ. ನವೆಂಬರ್‌ನಲ್ಲಿ ಟೊಮೆಟೊವನ್ನು ರಸ್ತೆಗೆ ಸುರಿಯಬೇಕಾಗುತ್ತದೆ.

ಕನ್ನಡದಲ್ಲಿ ಕೇಳಿದಿರೋ ಇಂಗ್ಲಿಷ್‌ನಲ್ಲೋ ಎಂದು ನೀವು ಬರೆದಿಲ್ಲ. ಅದೂ ಮುಖ್ಯ. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದಲ್ಲಿ ಅಂತರಜಾಲದ ಪುಟಗಳು ಇಂಗ್ಲಿಷ್‌ಗೆ ಹೋಲಿಸಿದರೆ ಬಹಳ ಕಡಿಮೆ. ಯಂತ್ರ ಕಲಿತ ಜಾಡೇ ತೆಳು. ಇನ್ನೊಂದು ಸಣ್ಣ ಅನ್ಯಾಯವೂ ಇದೆ. ಕೋಲಾರ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ಕಂಪ್ಯೂಟರ್‌ನ ಒಳಗೆ 5 ಬೈಟ್‌ನಷ್ಟು ಜಾಗ ಸಾಕು, ಕನ್ನಡದಲ್ಲಿ ಬರೆದರೆ 15 ಬೈಟ್‌ನಷ್ಟು ಬೇಕು. ಯಂತ್ರ ಪಠ್ಯವನ್ನು ತುಣುಕು ತುಣುಕಾಗಿ ಕತ್ತರಿಸಿ ನುಂಗುತ್ತದೆ, ಹಣವನ್ನೂ ತುಣುಕಿನ ಲೆಕ್ಕದಲ್ಲೇ ಎಣಿಸುತ್ತದೆ. ಕನ್ನಡದ ಪದ ಸಾಮಾನ್ಯವಾಗಿ ಹೆಚ್ಚು ತುಣುಕಾಗುತ್ತದೆ. ಕೇಂದ್ರ ಸರ್ಕಾರದ ಅನುವಾದ ಯೋಜನೆ ಭಾಷಿಣಿ, ಮದ್ರಾಸ್ ಐಐಟಿಯ ಎಐ4ಭಾರತ್ ಮೊದಲಾದ ಪ್ರಯತ್ನಗಳಿಂದ ಪರಿಸ್ಥಿತಿ ಸುಧಾರಿಸುತ್ತಿದೆ. ಆದರೆ ಮುಳಬಾಗಿಲಿನ ರೈತ ಆಡುವ, ಅರ್ಧ ತೆಲುಗು ಬೆರೆತ ಕನ್ನಡದಲ್ಲಿ ರೋಗದ ಹೆಸರು ಹೇಳಿದರೆ ಅದು ಇಂದಿಗೂ ತಡವರಿಸುತ್ತದೆ. ನಾನು ಪರೀಕ್ಷಿಸಿದ್ದೇನೆ.

ನಿಮ್ಮ ಮಗನ ವಿಷಯ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ನೌಕರರನ್ನು ಕೈಬಿಡುವುದಾಗಿ ಹೇಳಿದಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಊಟ ಸೇರಲಿಲ್ಲ. ಎಐ ಅದಕ್ಕೆ ಕಾರಣವಲ್ಲ ಎಂದು ಕಂಪನಿ ಹೇಳಿತು. ಕಾರಣ ಏನೇ ಇರಲಿ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಮೊದಲ ಎರಡು ವರ್ಷ ಕೊಡುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಂ ಕೆಲಸಗಳನ್ನು ಈಗ ಯಂತ್ರ ಚೆನ್ನಾಗಿಯೇ ಮಾಡುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬರೀ ಸಿಂಟ್ಯಾಕ್ಸ್, ಅಂದರೆ ಪ್ರೋಗ್ರಾಂ ಭಾಷೆಯ ವ್ಯಾಕರಣ, ಬಾಯಿಪಾಠ ಮಾಡಿ ಪದವಿ ಪಡೆದವನಿಗೆ ಕಷ್ಟವಿದೆ. ಆದರೆ ಸ್ವೀಡನ್ನಿನ ಕ್ಲಾರ್ನಾ ಎಂಬ ಕಂಪನಿ 2024ರಲ್ಲಿ ತನ್ನ ಎಐ 700 ನೌಕರರ ಕೆಲಸ ಮಾಡುತ್ತಿದೆ ಎಂದು ಸಾರಿ, ಮರುವರ್ಷ ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ತೆಗೆದುಕೊಳ್ಳತೊಡಗಿತು. ಯಂತ್ರ ಬರೆದದ್ದು ಸರಿಯೇ ಎಂದು ಹೇಳಬಲ್ಲವನಿಗೆ ಕೆಲಸ ಇದೆ. ಅದಕ್ಕೆ ಯಂತ್ರಕ್ಕಿಂತ ಸ್ವಲ್ಪ ಹೆಚ್ಚು ಗೊತ್ತಿರಬೇಕು, ಕಡಿಮೆಯಲ್ಲ. ನಿಮ್ಮ ಮಗನಿಗೆ ಒಂದು ಅನುಕೂಲವಿದೆ, ಅವನಿಗೆ ಅದು ಗೊತ್ತಿಲ್ಲದಿರಬಹುದು: ಮರುದಿನ ಅದೇ ಗಿಡದ ಇನ್ನೊಂದು ಚಿತ್ರ ಕೊಟ್ಟು ಉತ್ತರ ಬದಲಾಗುತ್ತದೆಯೇ ಎಂದು ನೋಡಿದನಲ್ಲ, ಪರೀಕ್ಷೆ ಎಂದರೆ ಅದೇ. ಬೇಕೆಂದು ಮಾಡಿದನೋ ಆಕಸ್ಮಿಕವೋ ಕೇಳಿ. ಬೇಕೆಂದೇ ಮಾಡಿದ್ದರೆ ಅವನ ಓದಿನ ಬಗ್ಗೆ ನೀವು ಚಿಂತೆ ಮಾಡಬೇಕಿಲ್ಲ.

ದುಡ್ಡು ಕೊಟ್ಟು ಚಂದಾ ಮಾಡುವ ಅಗತ್ಯ ಸದ್ಯ ನಿಮಗೆ ಕಾಣುವುದಿಲ್ಲ. 2025ರಲ್ಲಿ ಓಪನ್‌ಎಐ ತಿಂಗಳಿಗೆ 399 ರೂಪಾಯಿಯ ಯೋಜನೆಯನ್ನು ಭಾರತದಲ್ಲಿ ಒಂದು ವರ್ಷ ಉಚಿತ ಎಂದಿತು, ಜಿಯೋ ಮತ್ತು ಏರ್‌ಟೆಲ್ ಕೂಡ ಬೇರೆ ಬೇರೆ ಎಐ ಸೇವೆಗಳನ್ನು ಸಿಮ್ ಜೊತೆ ಹಂಚಿದವು. ಪುಕ್ಕಟೆ ಕೊಡುವವರು ನಮ್ಮ ಅಭ್ಯಾಸವನ್ನು ಕೊಳ್ಳುತ್ತಿದ್ದಾರೆ, ಅಷ್ಟು ತಿಳಿದಿದ್ದು ಬಳಸಿದರೆ ತಪ್ಪೇನಿಲ್ಲ. ಬ್ಯಾಂಕಿನಿಂದ ಬಂದ ಇಂಗ್ಲಿಷ್ ಪತ್ರದ ಸಾರಾಂಶ, ತಹಶೀಲ್ದಾರರಿಗೆ ಕೊಡುವ ಅರ್ಜಿಯ ಕರಡು, ಔಷಧದ ಡಬ್ಬಿಯ ಮೇಲಿನ ಇರುವೆಯಂತಹ ಅಕ್ಷರಗಳ ಅರ್ಥ, ಇವಕ್ಕೆ ಧಾರಾಳವಾಗಿ ಬಳಸಿ. ಓದಿದ ಕೂಡಲೇ ತಪ್ಪು ಕಣ್ಣಿಗೆ ಬೀಳುವ ಕೆಲಸಗಳಿವು. ಔಷಧದ ಪ್ರಮಾಣ ಮತ್ತು ಸಿಂಪಡಿಸಿದ ಎಷ್ಟು ದಿನದ ಮೇಲೆ ಹಣ್ಣು ಬಿಡಿಸಬೇಕು ಎಂಬ ಎರಡನ್ನು ಮಾತ್ರ ಅದರ ಬಾಯಿಂದ ತೆಗೆದುಕೊಳ್ಳಬೇಡಿ; ಡಬ್ಬಿಯ ಮೇಲಿನ ಅಂಕಿಯನ್ನು ನಿಮ್ಮ ಕಣ್ಣಿಂದಲೇ ನೋಡಿ.

ಎಲೆಗೆ ಮರಳುತ್ತೇನೆ. ನಂಜುರೋಗವೇ ಆಗಿದ್ದರೆ ಅದಕ್ಕೆ ಔಷಧವಿಲ್ಲ. ಬಿಳಿ ನೊಣವನ್ನು ತಡೆಯುವುದು, ತೀರಾ ಹಾಳಾದ ಗಿಡಗಳನ್ನು ಕಿತ್ತು ತೋಟದಿಂದ ಹೊರಗೆ ಹಾಕುವುದು ಉಳಿದ ದಾರಿ. ನುಸಿ ಆಗಿದ್ದರೆ ಬೇರೆ ಔಷಧ. ಬಿಸಿಲಾಗಿದ್ದರೆ ಡ್ರಿಪ್ ಬಿಡುವ ಹೊತ್ತನ್ನು ಬದಲಿಸಿದರೆ ಸಾಕು, ಒಂದು ರೂಪಾಯಿ ಔಷಧವೂ ಬೇಡ. ಔಷಧ ಮಾರುವವರ ಅಭಿಪ್ರಾಯವನ್ನೂ ಯಂತ್ರದ ಅಭಿಪ್ರಾಯವನ್ನೂ ಸದ್ಯ ಪಕ್ಕಕ್ಕಿಡಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಹೆಚ್ಚು ಹಾಳಾದ ಒಂದು ಗಿಡ, ಈಗಷ್ಟೇ ಶುರುವಾದ ಒಂದು ಗಿಡ, ಚೆನ್ನಾಗಿರುವ ಒಂದು ಗಿಡ, ಮೂರನ್ನೂ ಬೇರು ಮಣ್ಣಿನ ಸಮೇತ ಬೇರೆ ಬೇರೆ ಕವರ್‌ನಲ್ಲಿ ಹಾಕಿ, ಬಿಳಿ ನೊಣ ಹಾರಿಹೋಗದಂತೆ ಬಾಯಿ ಕಟ್ಟಿ, ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಮಗನನ್ನೂ ಕರೆದುಕೊಂಡು ಹೋಗಿ. ಅಲ್ಲಿಯವರು ಏನು ಹೇಳುತ್ತಾರೋ ಅದನ್ನು ಅವನು ಬರೆದುಕೊಳ್ಳಲಿ, ಆಮೇಲೆ ಅದೇ ಮೂರು ಗಿಡಗಳ ಎಲೆಗಳನ್ನು ತಿರುವಿ, ಅಡಿಭಾಗದ ಚಿತ್ರ ತೆಗೆದು ಎಐಯನ್ನು ಮತ್ತೊಮ್ಮೆ ಕೇಳಲಿ. ಎರಡು ಉತ್ತರಗಳನ್ನೂ ನನಗೆ ಬರೆದು ತಿಳಿಸಿದರೆ ಸಂತೋಷ.